ಗುರುತಿಲ್ಲದವರ ಲಗ್ನಪತ್ರಿಕೆ

ಅವತ್ತು ರವಿವಾರ, ಬೆಳಗಿನ ಹತ್ತರ ಸುಮಾರು. ಇಳಕಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ನಾನೂ ಮೈಬೂಸಾಬನೂ ಕೂತಿದ್ದೆವು. ಮೈಬೂಸಾಬ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವನು, ನಾನು ಅದೇ ಬಸ್ಸಿನ ಕಂಡಕ್ಟರ್. ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಕೈಯಲ್ಲಿ ಸ್ಟೇರಿಂಗ್ ಇಲ್ಲದ ಅವನೂ ಹೆಗಲಿಗೆ ಚೀಲವಿಲ್ಲದ ನಾನೂ ದಿನಾ ಬೆಳಿಗ್ಗೆ ಈ ಕಟ್ಟೆಯ ಮೇಲೆ ಕೂತು, ಎಲ್ಲಿಗೂ ಹೋಗದ ಒಂದು ಬಸ್ಸು ಬಿಡುತ್ತೇವೆ. ಒಳಗೆ ಪಡಸಾಲೆಯಲ್ಲಿ ನನ್ನ ಹೆಂಡತಿ ನೀಲವ್ವ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತ ಕೂತಿದ್ದಳು. ಮಗಳು ಗಿರಿಜಾ ಬಾಗಲಕೋಟೆಯ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವಳು. ರಜೆಗೆ ಬಂದಿದ್ದಳು, ಬಚ್ಚಲಲ್ಲಿ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಿದ್ದಳು. ನಾಲ್ಕು ಮಂದಿಯಲ್ಲಿ ಬುದ್ಧಿ ಇದ್ದವಳು ಅವಳೊಬ್ಬಳೇ. ಆ ಹೊತ್ತಿಗೆ ಸರಿಯಾಗಿ ಅವಳೇ ಅಲ್ಲಿರಲಿಲ್ಲ.

ನನ್ನ ಫೋನು ಗುಂಯ್ ಎಂದಿತು. ತೆಗೆದು ನೋಡಿದರೆ ಗುರುತಿಲ್ಲದ ನಂಬರಿನಿಂದ ಒಂದು ಲಗ್ನಪತ್ರಿಕೆ. 'ನಮ್ಮ ಮನೆಯ ಮದುವೆಗೆ ತಾವು ಸಹಕುಟುಂಬ ಬರಬೇಕು' ಎಂದು ಎರಡು ಸಾಲು, ಕೆಳಗೆ ಎರಡು ಕೈ ಜೋಡಿಸಿದ ಚಿತ್ರ, ಅದರ ಕೆಳಗೆ ತೆರೆಯಲು ಒಂದು ಕಡತ.

ಈಗ ನೀವು, ಓದಿದವರು, ತಿಳಿದವರು, ನಕ್ಕು ಬಿಡುತ್ತೀರಿ. 'ಗುರುತಿಲ್ಲದವರು ಕಳಿಸಿದ್ದನ್ನು ಯಾವ ಹುಚ್ಚ ತೆರೆಯುತ್ತಾನೆ?' ಎನ್ನುತ್ತೀರಿ. ಸ್ವಲ್ಪ ತಡೆಯಿರಿ. ಮೂವತ್ತೊಂದು ವರ್ಷ ಇಳಕಲ್ಲು, ಹುನಗುಂದ, ಅಮೀನಗಡ, ಕಮತಗಿ, ಬಾಗಲಕೋಟೆ ಎಂದು ಓಡಾಡಿದ ಕಂಡಕ್ಟರನ ಕಷ್ಟ ನಿಮಗೆ ಗೊತ್ತಿಲ್ಲ. ನನಗೆ ಬರುವ ಲಗ್ನಪತ್ರಿಕೆಗಳಲ್ಲಿ ಮುಕ್ಕಾಲು ಪಾಲು ಗುರುತಿಲ್ಲದವರವೇ. ದಿನಾ ಬಸ್ಸಿಗೆ ಬರುತ್ತಿದ್ದವರ ಹೆಸರನ್ನು ನಾನು ಎಂದೂ ಕೇಳಿದವನಲ್ಲ. ಅವರು ನನಗೆ 'ಕಮತಗಿ ಹಾಲಿನ ಕ್ಯಾನು', 'ಅಮೀನಗಡದ ದೊಡ್ಡ ಮೂಗುತಿ', 'ಕಿಡಕಿ ಸೀಟಿಗೆ ಜಗಳ'. ಆದರೆ ಅವರಿಗೆ ನಾನು ಈರಪ್ಪ ಕಂಡಕ್ಟರ್. ಅವರ ಮಕ್ಕಳ ಮದುವೆ ಬಂದಾಗ, 'ಕಾಲೇಜಿಗೆ ಹೋಗೂಮುಂದ ನಮ್ಮ ಹುಡುಗಿಗೆ ದಿನಾ ಸೀಟು ಹಿಡದು ಕೊಟ್ಟ ಮನಶಾ' ಎಂದು ನೆನಪಿಟ್ಟುಕೊಂಡು ಪತ್ರಿಕೆ ಕಳಿಸುತ್ತಾರೆ. ನಾನೂ ಹೋಗುತ್ತೇನೆ. ಹೆಸರು ಗೊತ್ತಿಲ್ಲದ ಗಂಡು, ಹೆಸರು ಗೊತ್ತಿಲ್ಲದ ಹೆಣ್ಣು. ತಲೆಯ ಮೇಲೆ ಅಕ್ಕಿಕಾಳು ಹಾಕಿ, ಉಂಡು, ಕೈ ಒರೆಸಿಕೊಳ್ಳುವ ಹೊತ್ತಿಗೆ ಯಾರೋ ಒಬ್ಬ ಮುದುಕಿ ಎದುರು ಬಂದು ನಿಲ್ಲುತ್ತಾಳೆ. ಆಗ ಹೊಳೆಯುತ್ತದೆ, 'ಅಯ್ಯ, ಇದು ದೊಡ್ಡ ಮೂಗುತಿಯ ಮೊಮ್ಮಗಳ ಲಗ್ನ!'

ನಮ್ಮವ್ವ ಹೇಳುತ್ತಿದ್ದಳು, ಉಣ್ಣಾಕ ಕರೆದವರನ್ನೂ ಲಗ್ನಕ್ಕೆ ಕರೆದವರನ್ನೂ 'ನೀ ಯಾರು' ಅಂತ ಕೇಳಬಾರದು, ಕೇಳಿದರೆ ಕರೆದವರ ಮಾರಿ ಸಣ್ಣದಾಗುತ್ತದೆ ಎಂದು. ಆ ಮಾತನ್ನು ನಾನು ಇಷ್ಟು ವರ್ಷ ಪಾಲಿಸಿಕೊಂಡು ಬಂದಿದ್ದೇನೆ. ಕಳ್ಳರಿಗೆ ಈ ಮಾತು ಹೇಗೆ ಗೊತ್ತಾಯಿತೋ ಕಾಣೆ.

'ಯಾರದು ಲಗ್ನ?' ಎಂದ ಮೈಬೂಸಾಬ.

'ಗೊತ್ತಿಲ್ಲೋ. ತಗದು ನೋಡತೇನಿ ತಡಿ.'

ತೆರೆಯಲು ಹೋದರೆ ಫೋನು ಏನೋ ಕೇಳಿತು. ಹೌದು ಎಂದು ಒತ್ತಿದೆ. ಇನ್ನೊಂದು ಕೇಳಿತು. ಹೌದು. ನಿಮ್ಮ ಮೆಸೇಜುಗಳನ್ನು ಓದಲೇ ಎಂದಿತು, ನಿಮ್ಮ ಗುರುತಿನವರ ಪಟ್ಟಿ ನೋಡಲೇ ಎಂದಿತು. ಸಂತೆ ದಿನ ಬಸ್ಸಿನಲ್ಲಿ ಟಿಕೆಟ್ ಹರಿದ ಕೈ ಇದು. ಟಕ ಟಕ ಟಕ ಎಂದು ಎಲ್ಲದಕ್ಕೂ ಹೌದು ಎಂದುಬಿಟ್ಟೆ. ಕೊನೆಗೆ ಪತ್ರಿಕೆ ಮಾತ್ರ ತೆರೆಯಲಿಲ್ಲ.

'ನೆಟ್‌ವರ್ಕ್ ಇಲ್ಲ' ಎಂದೆ ನಾನು. ತಿಳಿಯದ್ದಕ್ಕೆಲ್ಲ ನಾವು ಈಗ ಕೊಡುವ ಉತ್ತರ ಇದೊಂದೇ. ಹಿಂದೆ 'ದೈವೇಚ್ಛೆ' ಎನ್ನುತ್ತಿದ್ದೆವು.

ಈಗ ಒಂದು ನಾಚಿಕೆಗೇಡಿನ ಸಂಗತಿ ಹೇಳಬೇಕು. ನಮ್ಮ ನಿವೃತ್ತ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಜನರನ್ನು ಎಚ್ಚರಿಸುವ ಗುತ್ತಿಗೆ ನನ್ನದು. 'ಎಚ್ಚರ! ಎಚ್ಚರ!' ಎಂದು ಮೇಲೆ ಕೆಂಪು ದೀಪದ ಚಿತ್ರ ಹಾಕಿ ವಾರಕ್ಕೆ ಮೂರು ಸಲ ಕಳಿಸುತ್ತಿದ್ದೆ. ಕರೆಂಟ್ ಕಟ್ ಮಾಡುತ್ತೇವೆ ಎಂದು ಹೆದರಿಸುವವರು, ಪಾರ್ಸಲ್ಲು ತಡೆದಿದ್ದೇವೆ ಎನ್ನುವವರು, ಪೊಲೀಸ್ ಅಂಗಿ ತೊಟ್ಟು ವಿಡಿಯೋದಲ್ಲಿ ಕಣ್ಣು ಕೆಂಪಗೆ ಮಾಡುವವರು, ಎಲ್ಲರ ಬಗ್ಗೆಯೂ ಎಚ್ಚರಿಸಿದ್ದೆ. ಅವೆಲ್ಲವೂ ನಾನು ಓದದೆ ಕಳಿಸಿದವು ಎಂಬುದು ಆಮೇಲೆ ನನಗೇ ತಿಳಿಯಿತು. ಮೈಬೂಸಾಬ ಮೊದಲೇ ಹೇಳಿದ್ದ, 'ಲೇ ಈರಪ್ಪಾ, ನಿನ್ನ ಎಚ್ಚರಿಕಿ ಓದಿ ಓದಿ ಮಂದಿಗೆ ನಿದ್ದಿ ಬರಾಕತ್ತೈತಿ.' ಯಾರಿಗಾದರೂ ಫೋನ್ ಹಚ್ಚಿದರೆ ಮೊದಲು ಒಂದು ಹೆಣ್ಣುದನಿ ವಂಚಕರ ಬಗ್ಗೆ ತಿಳಿಹೇಳುತ್ತಿತ್ತಲ್ಲ, ಅದನ್ನು ಕೇಳಿ 'ಥೂ ಇವಳ, ಮುಗಸವಾ ಲಗೂನ' ಎಂದು ಬೈದವರಲ್ಲಿ ನಾನೂ ಒಬ್ಬ. ಆ ಪುಣ್ಯಾತ್ಗಿತ್ತಿ ಮಾತ್ರ ಒಂದು ದಿನವೂ ಬೇಸರಪಡಲಿಲ್ಲ.

ಅರ್ಧ ತಾಸು ಕಳೆದಿರಬೇಕು. ಮೊದಲ ಫೋನು ಬಂತು. ಬಾದಾಮಿಯಿಂದ ನನ್ನ ಸೋದರಮಾವನ ಮಗ. 'ಶಾಭಾಸ್ ಈರಪ್ಪಾ! ಗಿರಿಜಾನ ಲಗ್ನ ಗೊತ್ತು ಮಾಡಿಬಿಟ್ಟಿ, ನಮಗೊಂದು ಮಾತಿಲ್ಲ?' ಎಂದ. ಎರಡನೆಯದು ಪಟ್ಟದಕಲ್ಲಿನಿಂದ, ನನ್ನ ಷಡ್ಡಕ. 'ಪತ್ರಿಕಿ ಬಂದೈತಿ, ಆದ್ರ ತೆರಿವಲ್ತು. ಎಂದೈತಿ ಮುಹೂರ್ತ?' ಮೂರನೆಯದು ಯಾರೋ ಅಡುಗೆ ಗುತ್ತಿಗೆಯವನು, ಊಟದ ಎಲೆಯೊಂದಕ್ಕೆ ಎಷ್ಟು ದುಡ್ಡು ಹಿಡಿಯುತ್ತಾನೆಂದು ಹೇಳಲು. ನಾನು ಬಿಟ್ಟ ಬಾಯಿ ಮುಚ್ಚುವಷ್ಟರಲ್ಲಿ ತಿಳಿಯಿತು. ನನ್ನ ಫೋನಿನಲ್ಲಿ ಇದ್ದವರಿಗೆಲ್ಲ, ಗ್ಯಾಸ್ ಸಿಲಿಂಡರಿನವನಿಗೂ ಬಿಡದಂತೆ, ನನ್ನ ಹೆಸರಿನಲ್ಲಿ ಲಗ್ನಪತ್ರಿಕೆ ಹೋಗಿತ್ತು.

ಮದುವೆ ವಯಸ್ಸಿನ ಮಗಳಿದ್ದವನ ಫೋನಿನಿಂದ ಲಗ್ನಪತ್ರಿಕೆ ಬಂದರೆ ಜನ ಮತ್ತೆ ಏನು ತಿಳಿಯಬೇಕು?

ನಾಲ್ಕನೆಯ ಫೋನೇ ನಿಜವಾದ ಹೊಡೆತ. ಹುನಗುಂದದ ಸಂಗಪ್ಪನವರದು. ಇವರ ಬಗ್ಗೆ ಮೊದಲೇ ಹೇಳಬೇಕಿತ್ತು. ಹಿಂದಿನ ಸೋಮವಾರ ಸಂಗಪ್ಪ, ಅವರ ಹೆಂಡತಿ ಶಾಂತವ್ವ, ಮಗ ಮಹಾಂತೇಶ ಮೂವರೂ ಬಂದು ಗಿರಿಜಾಳನ್ನು ನೋಡಿ ಹೋಗಿದ್ದರು. ಹುಡುಗ ದನದ ದವಾಖಾನೆಯಲ್ಲಿ ಕೆಲಸದವನು, ಮಾತು ಕಡಿಮೆ, ನಗು ಚೆನ್ನ. ಗಿರಿಜಾ ಮೊದಲು ಬಂದ ನಾಲ್ಕು ಗಂಡುಗಳನ್ನು ನಾಲ್ಕೇ ಮಾತಿನಲ್ಲಿ ಮುಗಿಸಿದವಳು, ಈ ಹುಡುಗನೊಂದಿಗೆ ಮಾತ್ರ ಹಿತ್ತಲಲ್ಲಿ ಮುಕ್ಕಾಲು ತಾಸು ನಿಂತು ಮಾತಾಡಿದ್ದಳು. ನೀಲವ್ವ ಕಿಟಕಿಯ ಸಂದಿಯಿಂದ ಅದನ್ನು ನೋಡಿ ಅಂದಿನಿಂದ ಊಟ ಹೆಚ್ಚು ಮಾಡುತ್ತಿದ್ದಳು. 'ಎಂಟು ದಿನ ಬಿಟ್ಟು ಹೇಳ್ತೇವ್ರಿ' ಎಂದು ಸಂಗಪ್ಪ ಹೋಗಿದ್ದರು. ಎಂಟು ದಿನಕ್ಕೆ ಇನ್ನೆರಡು ದಿನ ಉಳಿದಿತ್ತು.

'ಏನ್ರಿ ಈರಪ್ಪನವರ, ನಾವು ಎಂಟು ದಿನದ ಗಡುವು ಕೇಳಿದ್ರ, ನೀವು ಆರ ದಿನದಾಗ ಬ್ಯಾರೆ ಕಡೆ ಪತ್ರಿಕಿನ ಹಚ್ಚಿಬಿಟ್ರೇನ್ರಿ? ಭಾಳ ಶ್ಯಾಣ್ಯಾರದೀರಿ ಬಿಡ್ರಿ. ಮ್ಯಾಲ ನಮಗೂ ಒಂದು ಕಳಿಸೀರಿ! ಬಂದು ಉಂಡು ಹೋಗಂತನ?'

'ಅಲ್ರಿ, ಒಂದ್ ನಿಮಿಷ...' ಎಂದೆ. ಫೋನ್ ಇಟ್ಟುಬಿಟ್ಟರು. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಐದನೆಯ ಸಲಕ್ಕೆ ಗಂಟೆಯೂ ಹೊಡೆಯಲಿಲ್ಲ.

ಗಿರಿಜಾ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ನಮ್ಮಿಬ್ಬರ ಮಾರಿ ನೋಡಿ 'ಯಾರು ಸತ್ರು?' ಎಂದಳು. ಹೇಳಿದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನನ್ನ ಕೈಯಿಂದ ಫೋನು ಕಿತ್ತುಕೊಂಡು, ನೆಟ್ಟು ಬಂದ್ ಮಾಡಿ, ಸಿಮ್ಮು ಹೊರತೆಗೆದು ಮೈಬೂಸಾಬನ ಅಂಗೈಯಲ್ಲಿಟ್ಟು, 'ಕಾಕಾ, ಇದನ್ನ ಭದ್ರ ಹಿಡಕೊಂಡು ಕೂಡ್ರಿ, ನುಂಗಬ್ಯಾಡ್ರಿ' ಎಂದಳು. ತನ್ನ ಫೋನಿನಿಂದ ಬ್ಯಾಂಕಿಗೆ ಹಚ್ಚಿ ನನ್ನ ಖಾತೆಯನ್ನು ತಡೆಹಿಡಿಸಿದಳು. ಬ್ಯಾಂಕಿನ ನಂಬರನ್ನು ಎಲ್ಲೆಲ್ಲೋ ಹುಡುಕಲಿಲ್ಲ, ಪಾಸ್‌ಬುಕ್ ತೆಗೆದು ಅದರ ಮೇಲೆ ಅಚ್ಚಾದದ್ದನ್ನೇ ಒತ್ತಿದಳು. ಅಂತರ್ಜಾಲದಲ್ಲಿ ಹುಡುಕಿದರೆ ಅಲ್ಲಿಯೂ ಕಳ್ಳರೇ ಬ್ಯಾಂಕಿನ ಹೆಸರು ಹಾಕಿಕೊಂಡು ಕೂತಿರುತ್ತಾರಂತೆ. ಆಮೇಲೆ ಸೈಬರ್ ಸಹಾಯವಾಣಿಗೆ ದೂರು. ಅಷ್ಟೆಲ್ಲ ಮುಗಿಸಲು ಅವಳಿಗೆ ಕಾಲು ತಾಸು. ಕಳ್ಳರು ನನ್ನ ಪಿಂಚಣಿಗೆ ಕೈ ಹಾಕುವ ಮೊದಲೇ ಬಾಗಿಲು ಬಿತ್ತು. ಆ ಮಟ್ಟಿಗೆ ಬಚಾವು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, 'ಅಪ್ಪಾ, ಪತ್ರಿಕಿ ಅಂದ್ರ ಒಂದು ಚಿತ್ರ. ಬಂತು, ನೋಡಿದಿ, ಮುಗೀತು. ಅದು ನಿನ್ನ ಮೆಸೇಜ್ ಯಾಕ ಓದಬೇಕು? ಲಗ್ನಕ್ಕ ಕರಿಯಾಕ ಬಂದಾವ ನಿನ್ನ ಟ್ರಂಕಿನ ಕೀಲಿ ಕೇಳಿದ್ರ ಕೊಡ್ತಿದ್ದೇನು?'

ಇದಕ್ಕಿಂತ ಸರಳವಾಗಿ ಈ ವಿದ್ಯೆಯನ್ನು ಯಾರೂ ನನಗೆ ಹೇಳಿರಲಿಲ್ಲ. ಬ್ಯಾಂಕಿನವರು ಹೇಳುತ್ತಾರೆ, ಆದರೆ ಎರೆಹುಳದಷ್ಟು ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ. ತಿಳಿಯಬಾರದೆಂದೇ ಬರೆದದ್ದು ಎನ್ನುವಂತೆ.

ನೀಲವ್ವ ಕೊಂಡಿಯ ಕೆಲಸದಿಂದ ತಲೆ ಎತ್ತದೆ ಒಂದೇ ಮಾತು ಹೇಳಿದಳು, 'ಬಸ್ಸಿನಾಗ ಕೋಳಿ ಹಿಡದೋರು, ಮನ್ಯಾಗ ಹಾವು ಬಿಟಗೊಂಡ್ರು.'

ಈ ಕೋಳಿಯ ಕತೆ ಅವಳು ಬೇಕೆಂದೇ ಎತ್ತಿದ್ದು. ಒಮ್ಮೆ ಅಮೀನಗಡದ ಸಂತೆಯ ದಿನ ಒಬ್ಬ ಮುದುಕ ಧೋತರದ ಮಡಿಲಲ್ಲಿ ಹುಂಜ ಮುಚ್ಚಿಕೊಂಡು, ಅದಕ್ಕೆ ಟಿಕೆಟ್ ತೆಗೆಸದೆ ಕೂತಿದ್ದ. ಹುಂಜ ಕೂಗಲಿಲ್ಲ, ಅಲುಗಲಿಲ್ಲ. ಆದರೂ ಮುದುಕನ ಮುಖ ನೋಡಿಯೇ ನಾನು 'ಹುಂಜಕ್ಕ ಅರ್ಧ ಟಿಕೀಟು ತಗೀರಿ ಯಜಮಾನ್ರ' ಎಂದಿದ್ದೆ. ಬಸ್ಸೆಲ್ಲ ನಕ್ಕಿತ್ತು. ಸುಳ್ಳು ಹೇಳುವವನ ಕಣ್ಣು ಮೊದಲು ಕಿಟಕಿಯ ಹೊರಗೆ ಹೋಗುತ್ತದೆ, ಆಮೇಲೆ ಮಾತು ಬರುತ್ತದೆ ಎಂಬ ಒಂದು ಶಾಸ್ತ್ರವನ್ನೇ ನಾನು ಕಟ್ಟಿಕೊಂಡಿದ್ದೆ. ಹನ್ನೆರಡು ದಾಟಿದ ಹುಡುಗರನ್ನು ಅರ್ಧ ಟಿಕೆಟ್ಟಿಗೆಂದು ಅವರವ್ವಂದಿರು ಎಷ್ಟು ಮುದುಡಿ ಕೂಡಿಸಿದರೂ ಕಂಡುಹಿಡಿಯುತ್ತಿದ್ದೆ. ಈ ಪ್ರತಾಪವನ್ನು ಬಂದವರಿಗೆಲ್ಲ ಹೇಳಿ ಹೇಳಿ ನೀಲವ್ವನ ಕಿವಿ ತೂತು ಬಿದ್ದಿತ್ತು.

ನನ್ನ ಶಾಸ್ತ್ರಕ್ಕೆ ಒಂದು ಮುಖ ಬೇಕು. ಕಳ್ಳರು ಈಗ ಮುಖವನ್ನೇ ತರುವುದಿಲ್ಲ.

ಅವರ ಬಗ್ಗೆ ನನಗೆ ಸಿಟ್ಟಿಗಿಂತ ತಾತ್ಸಾರವೇ ಹೆಚ್ಚು. ಎಲ್ಲೋ ಒಂದು ಕೋಣೆಯಲ್ಲಿ ಬನಿಯನ್ನು ತೊಟ್ಟು, ಚುರುಮುರಿ ಮುಕ್ಕುತ್ತ, ಸಾವಿರ ಮಂದಿಗೆ ಒಂದೇ ಸುಳ್ಳು ಎಸೆದು ಯಾವುದು ಕಚ್ಚುತ್ತದೆಂದು ಕಾಯುವುದು ಒಂದು ಕಸುಬೇ? ಹಿಂದೆ ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಜೇಬು ಕತ್ತರಿಸುವವರಿದ್ದರು. ಅವರಿಗೆ ಬೆರಳಿನ ತಾಲೀಮು ಬೇಕಿತ್ತು, ಸಿಕ್ಕರೆ ಏಟು ತಿನ್ನುವ ಬೆನ್ನೂ ಬೇಕಿತ್ತು. ಒಬ್ಬ, ಪರ್ಸಿನಲ್ಲಿದ್ದ ದವಾಖಾನೆಯ ಚೀಟಿಗಳನ್ನು ಮರುದಿನ ನನ್ನ ಬಸ್ಸಿನ ಸೀಟಿನ ಮೇಲೆ ಎಸೆದು ಹೋಗಿದ್ದ, ಯಜಮಾನನಿಗೆ ಮುಟ್ಟಲಿ ಎಂದು. ಹೀಗೆ ಹಳೆಯ ಕಳ್ಳರನ್ನು ಹೊಗಳುವುದೂ ಮುಪ್ಪಿನ ಒಂದು ರೋಗವೇ ಇರಬೇಕು. ದುಡ್ಡು ಕಳಕೊಂಡವನು ಆ ಚೀಟಿ ಹಿಡಿದುಕೊಂಡು ಅತ್ತದ್ದನ್ನೂ ನಾನೇ ನೋಡಿದ್ದೇನೆ. ಕಳ್ಳ ಕಳ್ಳನೇ. ಆದರೆ ಈಗಿನವನು ಕಳ್ಳನ ಜೊತೆಗೆ ಹೇಡಿ, ಹೇಡಿಯ ಜೊತೆಗೆ ಸೋಮಾರಿ. ಹೊಸ ಸುಳ್ಳು ಕಟ್ಟುವ ಕಷ್ಟವನ್ನೂ ಪಡುವುದಿಲ್ಲ. ಒಳ್ಳೆಯ ಸುಳ್ಳಿಗೆ ಬೇಕಾದದ್ದನ್ನೆಲ್ಲ ನಾವೇ ಇಟ್ಟಿರುತ್ತೇವೆ: ಮದುವೆಯ ಸಡಗರ, ಕರೆಂಟಿನ ಹೆದರಿಕೆ, ಪುಕ್ಕಟೆಯ ಆಸೆ, ಸಾಹೇಬರೆಂದರೆ ಬಾಗುವ ಬೆನ್ನು. ಅವನು ಬರೀ ಬೆಂಕಿಕಡ್ಡಿ ಗೀರುವವನು.

ಎಲ್ಲಕ್ಕಿಂತ ನನಗೆ ಹೇಸಿಗೆ ಬಂದದ್ದು ಅವನು ಲಗ್ನಪತ್ರಿಕೆಯನ್ನು ಮುಟ್ಟಿದ್ದಕ್ಕೆ. ನಾವು ಸಣ್ಣವರಿದ್ದಾಗ ಮನೆಗೆ ಕಾಗದ ಬಂದರೆ ನಮ್ಮವ್ವ ಮೊದಲು ಅದರ ಮೂಲೆ ನೋಡುತ್ತಿದ್ದಳು. ಮೂಲೆಗೆ ಅರಿಷಿಣ ಹಚ್ಚಿದ್ದರೆ ಒಳಗೆ ಒಯ್ದು ದೇವರ ಮುಂದೆ ಇಡುವುದು. ಮೂಲೆ ಹರಿದಿದ್ದರೆ ಅದು ಸಾವಿನ ಸುದ್ದಿ, ಹೊಸ್ತಿಲಾಚೆಯೇ ಓದಿಸಿ, ಹರಿದು ಹಾಕಿ, ಕಾಲು ತೊಳೆದು ಒಳಗೆ ಬರುವುದು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಯಾವ ಕಾಗದವೂ ಅವಳ ಅಪ್ಪಣೆ ಇಲ್ಲದೆ ಮನೆಯೊಳಗೆ ಬರುತ್ತಿರಲಿಲ್ಲ. ಅಕ್ಷರ ಬಂದ ಮಗ ನಾನು, ಏನು ಕೇಳಿದರೂ ಹೌದು ಎಂದವನು. ಹತ್ತಿರದವರ ಲಗ್ನವಾದರೆ ಕಾಗದವೂ ಸಾಲುತ್ತಿರಲಿಲ್ಲ. ಮನೆಯವರೇ ಬಂದು ಕೂತು, ನೀರು ಕುಡಿದು, ಅಕ್ಕಿಕಾಳು ಕೈಗೆ ಕೊಟ್ಟು ಕರೆಯಬೇಕು. ಕರೆಯುವವನ ಮುಖ, ದನಿ, ಬೆವರು ಎಲ್ಲವೂ ಪತ್ರಿಕೆಯ ಭಾಗ. ಆ ತ್ರಾಸು ಬೇಡವೆಂದು ನಾವೇ ಮೂಲೆ ಇಲ್ಲದ ಕಾಗದ ಕಂಡುಹಿಡಿದೆವು. ಈಗ ಕಳ್ಳ ಬಂದ ಎಂದು ಅಳುತ್ತೇವೆ.

ಸೋಮವಾರ ಮುಂಜಾನೆ ಹುನಗುಂದಕ್ಕೆ ಹೊರಟೆ. ಫೋನಿನಲ್ಲಿ ಕೆಟ್ಟದ್ದನ್ನು ಫೋನಿನಲ್ಲಿ ಸರಿಮಾಡಲು ಆಗುವುದಿಲ್ಲ ಎಂದು ಮೈಬೂಸಾಬನೂ ಜೊತೆಗೆ ಬಂದ. ಗಿರಿಜಾ ತನ್ನ ಕೆಲಸದ ಚೀಲ ಹೆಗಲಿಗೇರಿಸಿ 'ನಾನೂ ಬರ್ತೇನಿ, ಅಲ್ಲಿಂದನ ಬಾಗಲಕೋಟಿ ಬಸ್ ಹಿಡೀತೇನಿ' ಎಂದಳು. ನೋಡಿ ಹೋದವರ ಮನೆಗೆ ಹೆಣ್ಣು ತಾನಾಗಿ ಹೋಗುವುದೆಂದರೆ! ನೀಲವ್ವ ಬಾಯಿ ತೆರೆದಳು. ಗಿರಿಜಾ ಅವಳನ್ನು ನೋಡಿದಳು. ನೀಲವ್ವ ಬಾಯಿ ಮುಚ್ಚಿ, ಉಪ್ಪಿಟ್ಟಿನ ಡಬ್ಬಿ ತಂದುಕೊಟ್ಟಳು.

ಸಂಗಪ್ಪನವರ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅವರ ದನಿ ಕೇಳುತ್ತಿತ್ತು. 'ಇಲ್ಲೋ ಮಾರಾಯ, ನಮ್ಮ ಮನ್ಯಾಗ ಯಾರ ಲಗ್ನಾನೂ ಇಲ್ಲ! ನಾ ಪತ್ರಿಕಿ ಕಳಿಸಿಲ್ಲ! ಏ, ಖರೇನ ಇಲ್ಲೋ!'

ಮೈಬೂಸಾಬ ನನ್ನ ಮೊಣಕೈ ತಿವಿದ. ನನಗೂ ತಿಳಿಯಿತು. ನನ್ನ ಮೇಲೆ ಸಿಟ್ಟಾಗುವ ಮೊದಲು ಸಂಗಪ್ಪನವರೂ ಆ ಪತ್ರಿಕೆ ತೆರೆಯಲು ನೋಡಿದ್ದರು. ಈರಪ್ಪ ಯಾವ ಮನೆತನ ಹಿಡಿದ ಎಂದು ನೋಡುವ ಕುತೂಹಲ ಇರುತ್ತದಲ್ಲ? ಅವರೂ ನನ್ನಂತೆಯೇ ಹೌದು, ಹೌದು, ಹೌದು ಎಂದಿದ್ದರು. ಈಗ ಅವರ ಹೆಸರಿನಲ್ಲಿ ಅವರ ಬಳಗಕ್ಕೆಲ್ಲ ಲಗ್ನಪತ್ರಿಕೆ. ಎರಡೂ ಕಡೆಯ ಪತ್ರಿಕೆ ಸಿಕ್ಕ ಒಂದಿಬ್ಬರು ಎರಡನ್ನೂ ಕೂಡಿಸಿ, ನಮ್ಮ ಹುಡುಗಿಗೂ ಇವರ ಹುಡುಗನಿಗೂ ಲಗ್ನ ಗೊತ್ತಾಗಿದೆ ಎಂದು ತೀರ್ಮಾನಿಸಿ ಊಟದ ಸಿಹಿಗೆ ಬೂಂದಿ ಹೇಳಬೇಕೋ ಮಾದಲಿ ಹೇಳಬೇಕೋ ಎಂದು ಸಲಹೆ ಕೊಡಲು ಫೋನ್ ಮಾಡಿದ್ದರು.

ನಮ್ಮನ್ನು ಕಂಡು ಸಂಗಪ್ಪ ಫೋನು ಕೆಳಗಿಳಿಸಿದರು. ಬರ್ರಿ ಎನ್ನಲೂ ಆಗದೆ, ಹೋಗ್ರಿ ಎನ್ನಲೂ ಆಗದೆ ನಿಂತರು. ಶಾಂತವ್ವ ಅಡುಗೆಮನೆಯಿಂದ ಬಂದು ನನ್ನನ್ನೂ ಗಂಡನನ್ನೂ ಒಂದೇ ನೋಟದಲ್ಲಿ ಅಳೆದು, 'ಇಬ್ಬರೂ ಪಿಂಚಣಿ ತಗೊಳ್ಳೋ ಶ್ಯಾಣ್ಯಾರು. ಇವರನ್ನ ನಂಬಿ ಸರಕಾರ ಬಸ್ಸು ಕೊಟ್ಟಿತ್ತು, ಗೋದಾಮು ಕೊಟ್ಟಿತ್ತು' ಎಂದರು. ಸಂಗಪ್ಪನವರು ಗೋದಾಮಿನ ಮ್ಯಾನೇಜರ್ ಆಗಿದ್ದವರು.

ಗಿರಿಜಾ ಕೈ ಚಾಚಿದಳು. 'ಕಾಕಾರ, ಫೋನ್ ಕೊಡ್ರಿ. ಮೊದಲು ನಿಮ್ಮ ಪಾಸ್‌ಬುಕ್ ತಗೊಂಬರ್ರಿ.' ಮನೆ ನೋಡಲು ಬಂದ ಹೆಣ್ಣಿನ ದನಿಯಲ್ಲ ಅದು, ರಕ್ತ ತೆಗೆಯುವ ಮೊದಲು ಅಂಗಿಯ ತೋಳು ಮಡಚಿಕೊಳ್ಳಿ ಎನ್ನುವವಳ ದನಿ. ಸಂಗಪ್ಪ ಸುಮ್ಮನೆ ಹೋಗಿ ತಂದರು. ಸಿಮ್ಮು ತೆಗೆದು, ಬ್ಯಾಂಕಿಗೆ ಹಚ್ಚಿಸಿ, ದೂರು ಕೊಡಿಸಿ, ಫೋನಿನಲ್ಲಿದ್ದ ಚಿತ್ರಗಳನ್ನು ಮೊದಲು ಬೇರೆ ಕಡೆ ಇಟ್ಟು, ಫೋನನ್ನು ಹೊಸದರಂತೆ ಖಾಲಿ ಮಾಡಿ ಅವರ ಕೈಗಿಟ್ಟಳು. ನಡುವೆ ಒಂದೊಂದು ಸಲ 'ಇದಕ್ಕ ಯಾಕ ಹೌದು ಅಂದ್ರಿ?' ಎಂದು ಕೇಳುತ್ತಿದ್ದಳು. ಗೋದಾಮು ಆಳಿದ ಮನುಷ್ಯ ಸಾಲಿ ಹುಡುಗನಂತೆ 'ಕೇಳಿತ್ತವಾ, ಅಂದೆ' ಎನ್ನುತ್ತಿದ್ದರು. ಮಹಾಂತೇಶ ಕೆಲಸಕ್ಕೆ ಹೋಗಿದ್ದ. ಇದ್ದಿದ್ದರೆ ಅವನ ನಗು ಈ ಸಲ ಯಾರಿಗೂ ಚೆನ್ನಾಗಿ ಕಾಣುತ್ತಿರಲಿಲ್ಲ.

ಶಾಂತವ್ವ ಚಹಾ ತಂದರು. ಸಂಗಪ್ಪನವರ ಮುಖ ಸಡಿಲವಾಗಿತ್ತು. 'ತಪ್ಪು ತಿಳಕೊಂಡ್ವಿ ನೋಡ್ರಿ ಈರಪ್ಪನವರ. ಇನ್ನ ಎಂಟು ದಿನ ಯಾಕ? ನಮ್ಮ ಕಡಿಂದ ಒಪ್ಪಿಗಿ ಐತಿ' ಎಂದರು. ನನಗೆ ಕಣ್ಣು ತುಂಬಿ ಬಂತು. ಮೈಬೂಸಾಬ 'ಅಲ್ಲಾ ದೊಡ್ಡಾಂವ' ಎಂದು ಚಹಾ ಎತ್ತಿದ.

'ನಮ್ಮ ಕಡಿಂದ ಎಂಟು ದಿನ ಬೇಕ್ರಿ' ಎಂದಳು ಗಿರಿಜಾ.

ಕಪ್ಪುಗಳೆಲ್ಲ ನಡುದಾರಿಯಲ್ಲಿ ನಿಂತವು.

'ಕಾಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮಪ್ಪ ಗುರುತಿಲ್ಲದಾವನ್ನ ಒಂದೂ ಮಾತು ಕೇಳದ ನಂಬಿದ. ನೀವು ಗುರುತಿದ್ದಾವನ್ನ ಒಂದೂ ಮಾತು ಕೇಳದ ನಂಬಲಿಲ್ಲ. ಅವನ ಮಾತು ಮುಗಿಯೂದ್ರಾಗ ಫೋನ್ ಇಟ್ಟುಬಿಟ್ರಿ. ನಾಳೆ ನಿಮ್ಮ ಮನ್ಯಾಗ ನನ್ನ ಮ್ಯಾಲ ಯಾರರ ಏನರ ಹೇಳಿದ್ರು ಅಂದ್ರ?' ದನಿ ಏರಿಸದೆ ಇಷ್ಟು ಹೇಳಿ, ಕಪ್ಪು ಕೆಳಗಿಟ್ಟು, ಶಾಂತವ್ವನ ಕಾಲಿಗೆ ನಮಸ್ಕಾರ ಮಾಡಿ, ಬಾಗಲಕೋಟೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟಳು.

ಇಳಕಲ್ಲಿಗೆ ಮರಳುವ ಬಸ್ಸಿನಲ್ಲಿ ಮೈಬೂಸಾಬ ಡ್ರೈವರನ ಹಿಂದಿನ ಸೀಟು ಹಿಡಿದ. ನಾನು ಮನಸ್ಸಿನಲ್ಲೇ ಮಗಳನ್ನು ಬೈದೆ, ಆಮೇಲೆ ಸಂಗಪ್ಪನನ್ನು ಬೈದೆ, ಆಮೇಲೆ ಬನಿಯನ್ನಿನ ಕಳ್ಳನನ್ನು. ಬೈಗುಳ ಮುಗಿದ ಮೇಲೆ ಉಳಿದವನು ನಾನೊಬ್ಬ. ಮನೆಗೆ ಬಂದು ಹೇಳಿದರೆ ನೀಲವ್ವ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. 'ಹುಡುಗಿ ಅಂದಿದ್ದು ತಪ್ಪಲ್ಲ. ಆದ್ರ ಅನ್ನೂ ಪ್ರಸಂಗ ತಂದಾವ್ರು ಯಾರು?' ಎಂದು ಗೋಡೆಗೆ ಕೇಳುತ್ತಿದ್ದಳು. ಗೋಡೆ ನನ್ನ ಕಡೆ ನೋಡುತ್ತಿತ್ತು.

ಆ ಎಂಟು ದಿನ ನಾನು ಕಲಿತದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಅಷ್ಟು ಸಣ್ಣದು. ಗುರುತಿಲ್ಲದ ನಂಬರಿನಿಂದ ಬಂದದ್ದನ್ನು ತೆರೆಯುವ ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ. ಗುರುತಿದ್ದವರು ದುಡ್ಡು ಕೇಳಿದರೆ, ಗುಪ್ತ ಅಂಕಿ ಕೇಳಿದರೆ, ಏನಾದರೂ ತೆರೆಯಿರಿ ಎಂದರೆ ಅವರ ಮನೆಗೇ ಫೋನ್ ಹಚ್ಚಿ 'ನೀವ ಏನ್ರಿ?' ಎನ್ನುತ್ತೇನೆ. ಅರ್ಜೆಂಟ್ ಅರ್ಜೆಂಟ್ ಎನ್ನುವವರಿಗೆ ನಾಳೆ ಬರ್ರಿ ಎನ್ನುತ್ತೇನೆ. ನಿಜವಾದ ಅರ್ಜೆಂಟ್ ಇದ್ದವರು ಬಾಗಿಲಿಗೆ ಬರುತ್ತಾರೆ, ಇಲ್ಲದವರು ಕಟ್ ಮಾಡುತ್ತಾರೆ. ಹಿಂದೆ ಇದನ್ನೆಲ್ಲ ಅನುಮಾನದ ಸ್ವಭಾವ ಎಂದು ಹಳಿಯುತ್ತಿದ್ದೆ. ಈಗ ಅನಿಸುತ್ತದೆ, ಕೇಳದೆ ನಂಬುವುದೂ ಕೇಳದೆ ನಂಬದಿರುವುದೂ ಒಂದೇ ಸೋಮಾರಿತನದ ಇಬ್ಬರು ಮಕ್ಕಳು. ಎರಡಕ್ಕೂ ಬಾಯಿ ತೆರೆದು ಒಂದು ಮಾತು ಕೇಳುವ ತ್ರಾಸು ಬೇಡ. ನಮ್ಮವ್ವನ ಮಾತನ್ನೂ ನಾನು ಅರ್ಧವೇ ಕೇಳಿದ್ದೆ ಎಂದು ಈಗೀಗ ತೋರುತ್ತದೆ. ಕರೆಯಲು ಬಂದವರನ್ನು ಅವಳು ಯಾರೆಂದು ಕೇಳುತ್ತಿರಲಿಲ್ಲ ನಿಜ. ಆದರೆ ಒಳಗೆ ಕರೆದು, ಚಾಪೆ ಹಾಸಿ, ಮಳೆ, ಬೆಳೆ, ದನ, ಹೊಳೆ ಎಂದು ಒಂದು ತಾಸು ಮಾತಾಡಿಸಿ ಕಳಿಸುತ್ತಿದ್ದಳು. ಅವರು ಯಾರ ಮಕ್ಕಳು, ಯಾರ ಮೊಮ್ಮಕ್ಕಳು ಎಂಬುದೆಲ್ಲ ಹೊರಗೆ ಬಂದಿರುತ್ತಿತ್ತು. ನಾನು ಮಾತ್ರ ಕೇಳಬಾರದು ಎಂಬುದನ್ನಷ್ಟೇ ಕಲಿತೆ, ಚಾಪೆ ಹಾಸುವುದನ್ನು ಕಲಿಯಲಿಲ್ಲ.

ಗಿರಿಜಾ ಮರುವಾರ ಮೂರು ದಿನ ರಜೆ ಹಾಕಿ ಬಂದಳು.

ಒಂಬತ್ತನೆಯ ದಿನ, ಮಂಗಳವಾರ, ಮುಂಜಾನೆ ಏಳರ ಬಸ್ಸಿಗೆ ಸಂಗಪ್ಪ ಇಳಕಲ್ಲಿಗೆ ಬಂದರು. ಶಾಂತವ್ವನೂ ಮಹಾಂತೇಶನೂ ಜೊತೆಗಿದ್ದರು. ಫೋನ್ ಮಾಡಿರಲಿಲ್ಲ. ನಾನು ಬರ್ರಿ ಬರ್ರಿ ಎಂದು ಎದ್ದರೆ, ಸಂಗಪ್ಪ ನನಗೆ ಕೈ ಮುಗಿದು, ನೇರ ಗಿರಿಜಾಳ ಎದುರಿಗೆ ಕಟ್ಟೆಯ ಮೇಲೆ ಕೂತರು.

'ಅವತ್ತು ಏನಾತವಾ? ಮೊದಲಿಂದ ಹೇಳು' ಎಂದರು.

ಗಿರಿಜಾ ಮೊದಲಿನಿಂದ ಹೇಳಿದಳು. ಪತ್ರಿಕೆ ಬಂದದ್ದು, ನಾನು ತೆರೆದದ್ದು, ಫೋನುಗಳು, ಅವರ ಫೋನು, ಅವರು ಇಟ್ಟದ್ದು, ಆಮೇಲೆ ನಾನು ಐದು ಸಲ ಹಚ್ಚಿದ್ದು. ಹೇಳಲು ಅರ್ಧ ತಾಸು ಹಿಡಿಯಿತು. ನಡುವೆ ಸಂಗಪ್ಪನವರ ಜೇಬಿನಲ್ಲಿ ಫೋನು ಎರಡು ಸಲ ಹೊಡೆದುಕೊಂಡಿತು, ಅವರು ತೆಗೆಯಲಿಲ್ಲ. ಗಿರಿಜಾ ಮುಗಿಸಿದ ಮೇಲೆ ಅವರು 'ಹ್ಞೂಂ' ಎಂದರು.

ಗಿರಿಜಾ ಒಳಗೆ ಹೋದಳು. ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತಂದು, ಲಗ್ನ ಗೊತ್ತಾದ ಮನೆಯಲ್ಲಿ ಹಾಕುವಂತೆ, ಮೊದಲು ಶಾಂತವ್ವನ ಕೈಗೆ, ಆಮೇಲೆ ಸಂಗಪ್ಪನವರ ಕೈಗೆ ಒಂದೊಂದು ಚಿಟಿಕೆ ಹಾಕಿದಳು. ನೀಲವ್ವ ಹೊಸ್ತಿಲಲ್ಲೇ ಕೂತುಬಿಟ್ಟಳು.